ಒಬ್ಬೊಬ್ಬರಾಗಿ ಸರಿ ಇರುವವರು ಸಭೆಯಲ್ಲಿ ಯಾಕೆ ಬಾಯಿ ಬಿಡುವುದಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ಮೇಲೆ ನಮ್ಮ ನೀರು ಬಳಕೆದಾರರ ಸಹಕಾರ ಸಂಘ ಇದೆ. ನಾನು ಅದರ ಕಾರ್ಯದರ್ಶಿ. ಎರಡನೇ ಬೆಳೆಗೆ ನೀರು ಕಡಿಮೆ ಅಂತ ಗೊತ್ತಾದಾಗ ಆಂಜನೇಯನ ಗುಡಿ ಕಟ್ಟೆ ಮೇಲೆ ಸಭೆ ಕರೆದೆವು. ಅರ್ಧ ಹೊಲಕ್ಕೆ ಮಾತ್ರ ಭತ್ತ, ಉಳಿದದ್ದಕ್ಕೆ ಜೋಳ, ಸಜ್ಜೆ ಅಂತ ಠರಾವು ಆಯಿತು. ಒಬ್ಬರೂ ಬೇಡ ಅನ್ನಲಿಲ್ಲ. ಸಭೆ ಮುಗಿಸಿ ಚಹಾ ಕುಡಿಯೋಕೆ ಹೋದರೆ ಅದೇ ಜನ "ಇದು ಆಗೋ ಮಾತಲ್ಲ ಬಿಡ್ರಿ" ಅಂದರು. ತಿಂಗಳೊಳಗೆ ಮೇಲ್ಭಾಗದಲ್ಲಿ ಪೂರ್ತಿ ಭತ್ತ ನಾಟಿ ಆಗಿತ್ತು. ಹೂಳು ತೆಗೆಯೋಕೆ ಮನೆಗೊಬ್ಬರು ಬನ್ನಿ ಅಂದರೆ ಬೆರಳೆಣಿಕೆ ಮಂದಿ ಬಂದರು. ಕಾಲುವೆಗೆ ಬೋಂಗಾ ಬಿದ್ದ (ಏರಿ ಒಡೆದು ನೀರು ಹೊರಗೆ ನುಗ್ಗುವ) ಫೋಟೊ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿಯೆಲ್ಲ ಓಡಾಡಿತು. ಬೆಳಗಿನವರೆಗೂ ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ಒಬ್ಬರೂ ಫೋನ್ ಮಾಡಿರಲಿಲ್ಲ. ಮೇಲ್ಭಾಗದವರಿಗೂ ಕೊನೆ ಭಾಗದವರಿಗೂ ಮಾತು ನಿಂತುಹೋಗಿದೆ. ಮಾತು ತಪ್ಪಿದವರಿಗೆ ದಂಡ ಹಾಕೋಣ ಅಂತ ಕೆಲವರು ಹೇಳುತ್ತಿದ್ದಾರೆ. ಒಬ್ಬೊಬ್ಬರನ್ನೇ ಮಾತಾಡಿಸಿದರೆ ಎಲ್ಲರೂ ಒಳ್ಳೆಯವರೇ. ಗುಂಪಾದ ಕೂಡಲೇ ಹೀಗೆ. ನಮ್ಮ ಜನಾನೇ ಹೀಗಾ? ನಾನು ಈ ಕೆಲಸ ಬಿಟ್ಟುಬಿಡಲೇ?

ಉತ್ತರ: ಕೆಲಸ ಬಿಡಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು "ನಮ್ಮ ಜನಾನೇ ಹೀಗಾ" ಎಂಬ ಮಾತನ್ನು ಎತ್ತಿಕೊಳ್ಳಬೇಕು. ಬೇಸರದಲ್ಲಿ ಬಂದ ಮಾತು ಅದು. ಆದರೆ ಹೌದು, ನಮ್ಮ ಜನವೇ ಹೀಗೆ ಅಂತ ಒಪ್ಪಿಕೊಂಡರೆ ಮುಂದೆ ಮಾಡಲು ಏನೂ ಉಳಿಯುವುದಿಲ್ಲ. ಜನರ ಗುಣವನ್ನು ನೀವೂ ಬದಲಾಯಿಸಲಾರಿರಿ, ನಾನೂ ಬದಲಾಯಿಸಲಾರೆ.

ಬೇರೆಯವರ ನಡತೆ ನೋಡಿದಾಗ ನಾವು ತಟ್ಟನೆ ಅವರ ಗುಣದಲ್ಲಿ ಕಾರಣ ಹುಡುಕುತ್ತೇವೆ. ಅವರು ಯಾವ ಇಕ್ಕಟ್ಟಿನಲ್ಲಿದ್ದರು ಎಂಬುದು ಕಣ್ಣಿಗೆ ಬೀಳುವುದಿಲ್ಲ. 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಎಂಬ ಇಬ್ಬರು ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಪರವಾಗಿ ಬರೆದ ಪ್ರಬಂಧವನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. "ಬರೆದವನಿಗೆ ಬೇರೆ ದಾರಿ ಇರಲಿಲ್ಲ, ಮೇಷ್ಟ್ರು ಹೇಳಿದ ಪಕ್ಷವನ್ನೇ ಬರೆಯಬೇಕಿತ್ತು" ಅಂತಲೂ ತಿಳಿಸಿದರು. ಹಾಗಿದ್ದೂ ಓದಿದವರು ಇವನು ಒಳಗೊಳಗೆ ಕ್ಯಾಸ್ಟ್ರೊ ಪರವೇ ಇರಬೇಕು ಅಂದುಕೊಂಡರು. ಮುಂದೆ 1977ರಲ್ಲಿ ಲೀ ರಾಸ್ ಇದಕ್ಕೆ, ಕಾರಣ ಹುಡುಕುವಾಗ ನಾವು ಮಾಡುವ ಮೂಲಭೂತ ತಪ್ಪು ಅಂತ ಹೆಸರಿಟ್ಟರು.

ನಮ್ಮ ಪಕ್ಕದಲ್ಲೇ ಇರುವ ಒಂದು ಉದಾಹರಣೆ ಹೇಳುತ್ತೇನೆ. ರಾಯಚೂರು ಜಿಲ್ಲೆಯಿಂದ ತುಂಗಭದ್ರೆ ದಾಟಿದರೆ ಕರ್ನೂಲು. ರಾಬರ್ಟ್ ವೇಡ್ ಎಂಬ ವಿದ್ವಾಂಸರು ಅಲ್ಲಿ ಕಾಲುವೆ ನೀರಾವರಿ ಇರುವ 31 ಹಳ್ಳಿಗಳನ್ನು ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದರು. ಕೆಲವು ಹಳ್ಳಿಗಳಲ್ಲಿ ಊರೇ ಸೇರಿ ನೀರು ಹಂಚುವ ಆಳುಗಳನ್ನು ಇಟ್ಟುಕೊಂಡಿತ್ತು. ಬೆಳೆ ಕಾಯುವವರಿದ್ದರು, ಊರಿನದೇ ಒಂದು ನಿಧಿ ಇತ್ತು. ಇನ್ನು ಕೆಲವು ಹಳ್ಳಿಗಳಲ್ಲಿ ಇದು ಯಾವುದೂ ಇರಲಿಲ್ಲ. ಒಗ್ಗಟ್ಟಿನ ಹಳ್ಳಿಗಳಲ್ಲಿ ಜನ ಜಾಸ್ತಿ ಒಳ್ಳೆಯವರು ಅಂತಲ್ಲ. ಆ ಹಳ್ಳಿಗಳು ಹೆಚ್ಚಾಗಿ ಕಾಲುವೆಯ ಕೆಳಭಾಗದಲ್ಲಿದ್ದವು. ನೀರು ಸಿಗುತ್ತದೋ ಇಲ್ಲವೋ ಎಂಬ ಭಯ ಅಲ್ಲಿ ದಿನನಿತ್ಯದ್ದು. ಕಟ್ಟಿಕೊಂಡರೆ ಮಾತ್ರ ಬದುಕು ಎಂಬ ಸ್ಥಿತಿ ಇದ್ದಲ್ಲಿ ಜನ ಸಂಘ ಕಟ್ಟಿದರು. ಮೇಲ್ಭಾಗದಲ್ಲಿ ಕಟ್ಟಿಕೊಳ್ಳುವ ಜರೂರೇ ಬೀಳಲಿಲ್ಲ. ಒಂದೇ ಜಿಲ್ಲೆ, ಒಂದೇ ಭಾಷೆ, ಒಂದೇ ಬಗೆಯ ಬದುಕು. ಬೇರೆಯಾಗಿದ್ದದ್ದು ನಿಂತ ಜಾಗ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಬೇರೆ ರೀತಿ ಕೇಳಿಕೊಳ್ಳುತ್ತೇನೆ. ಆ ಕಟ್ಟೆ ಮೇಲಿನ ಸಭೆಯಲ್ಲಿ ಬಾಯಿ ಬಿಡುವುದನ್ನು ಕಷ್ಟ ಮಾಡಿದ್ದು ಏನು? ನನ್ನ ಅನಿಸಿಕೆಯಲ್ಲಿ ನಿಮ್ಮ ಉಳಿದ ತೊಂದರೆಗಳಿಗೆಲ್ಲ ಅಲ್ಲೇ ಬೇರು ಇದೆ. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಆ ಸಂಜೆ ಠರಾವು ಓದಿದರು. ಒಬ್ಬ ರೈತ ಮನಸ್ಸಿನಲ್ಲೇ "ಇದು ನಡೆಯಲ್ಲ" ಅಂದುಕೊಂಡ. ಆದರೆ ಎದ್ದು ನಿಂತು ಹೇಳಲು ಸಂಕೋಚ. ಅಕ್ಕಪಕ್ಕ ನೋಡಿದ. ಯಾರೂ ಮಾತಾಡುತ್ತಿಲ್ಲ. ತಾನು ಸುಮ್ಮನಿರುವುದು ಸಂಕೋಚದಿಂದ ಅಂತ ಅವನಿಗೆ ಗೊತ್ತು. ಪಕ್ಕದವನು ಸುಮ್ಮನಿರುವುದು ಮಾತ್ರ ಒಪ್ಪಿಗೆಯಿಂದ ಅಂದುಕೊಂಡ. ಪಕ್ಕದವನೂ ಇವನನ್ನು ನೋಡಿ ಹಾಗೇ ಅಂದುಕೊಂಡ. ಹೀಗೆ ಒಬ್ಬರಿಗೂ ನಂಬಿಕೆ ಇಲ್ಲದ ಠರಾವು ಎಲ್ಲರ ಒಪ್ಪಿಗೆಯಿಂದ ಪಾಸಾಯಿತು. ಫ್ಲಾಯ್ಡ್ ಆಲ್‌ಪೋರ್ಟ್ ಮತ್ತು ಡೇನಿಯಲ್ ಕಾಟ್ಜ್ 1931ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟರು. ಸಾಮೂಹಿಕ ಅಜ್ಞಾನ ಅಂತ ಕನ್ನಡದಲ್ಲಿ ಹೇಳಬಹುದು. ಎಲ್ಲರೂ ಒಳಗೆ ಒಂದನ್ನೇ ಯೋಚಿಸುತ್ತಾರೆ, ಹಾಗೆ ಯೋಚಿಸುವವನು ತಾನೊಬ್ಬನೇ ಅಂತ ಪ್ರತಿಯೊಬ್ಬರೂ ನಂಬಿರುತ್ತಾರೆ. 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೂ ಇದೇ ಕಂಡಿತು. ಕ್ಯಾಂಪಸ್ಸಿನ ಕುಡಿತ ತಮಗೆ ಹಿಡಿಸುವುದಿಲ್ಲ, ಉಳಿದವರಿಗೆಲ್ಲ ಹಿಡಿಸುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿದ್ದರು. ಓದಿದವರೂ ಇದಕ್ಕೆ ಹೊರತಲ್ಲ ಅಂತ ಹೇಳಲು ಇದನ್ನು ತಂದೆ.

ಈಗ ಸಾಲೊಮನ್ ಆಶ್ ಅವರ ಪ್ರಯೋಗ. 1950ರ ದಶಕದ್ದು. ಒಂದು ಗೆರೆ ತೋರಿಸಿ, ಮೂರರಲ್ಲಿ ಯಾವುದು ಅದರಷ್ಟೇ ಉದ್ದ ಇದೆ ಅಂತ ಕೇಳುತ್ತಿದ್ದರು. ಚಿಕ್ಕ ಮಕ್ಕಳೂ ಹೇಳುವಂಥದ್ದು. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. ಅವರು ಬೇಕಂತಲೇ ಒಟ್ಟಾಗಿ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬನ ಸರದಿ ಬಂದಾಗ, ಸರಾಸರಿ ನೋಡಿದರೆ ಸುಮಾರು 37% ಸಲ ಅವನೂ ತಪ್ಪನ್ನೇ ಹೇಳಿದ. ಒಂದು ಸಲವಾದರೂ ಹಾಗೆ ಮಣಿದವರು ನಾಲ್ವರಲ್ಲಿ ಮೂವರು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಆದರೆ ಇದರ ಇನ್ನೊಂದು ಮುಖವನ್ನು ಬಿಟ್ಟುಬಿಡುತ್ತಾರೆ. ಮೂರರಲ್ಲಿ ಎರಡು ಪಾಲು ಉತ್ತರಗಳು ಸರಿಯಾಗಿಯೇ ಇದ್ದವು. ನಾಲ್ವರಲ್ಲಿ ಒಬ್ಬ ಒಂದು ಸಲವೂ ಮಣಿಯಲಿಲ್ಲ. ಜನ ಕುರಿಗಳು ಅಂತ ಈ ಪ್ರಯೋಗ ಹೇಳುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಆಶ್ ಆಮೇಲೆ ಮಾಡಿದ ಬದಲಾವಣೆಗಳು. ಕೋಣೆಯಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳುವಂತೆ ಮಾಡಿದರು. ಮಣಿಯುವುದು 37%ರಿಂದ ಒಮ್ಮೆಗೇ ಸುಮಾರು 5%ಗೆ ಇಳಿಯಿತು. ಒಬ್ಬನೇ ಒಬ್ಬ ಜೊತೆಗಾರ ಸಾಕಾಯಿತು. ಆ ಇನ್ನೊಬ್ಬ ಸರಿ ಉತ್ತರವನ್ನೇ ಹೇಳಬೇಕೆಂದೂ ಇರಲಿಲ್ಲ. ಗುಂಪಿನದಕ್ಕಿಂತ ಬೇರೆಯಾದ ತಪ್ಪು ಹೇಳಿದರೂ ಮೊದಲನೆಯವನಿಗೆ ಧೈರ್ಯ ಬರುತ್ತಿತ್ತು. ಇನ್ನೊಂದು ಸಲ, ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆಯಲು ಬಿಟ್ಟರು. ಆಗಲೂ ಮಣಿಯುವುದು ಬಹಳ ಇಳಿಯಿತು. ಅಂದರೆ ಅವರ ಕಣ್ಣು ಸರಿಯಾಗಿಯೇ ಕಂಡಿತ್ತು. ಎಲ್ಲರ ಎದುರು ಹೇಳುವುದು ಕಷ್ಟವಾಗಿತ್ತು.

ನಿಮ್ಮ ಕಟ್ಟೆ ಆಶ್ ಅವರ ಕೋಣೆಗಿಂತ ಕಠಿಣ. ಅಲ್ಲಿದ್ದವರು ಅಪರಿಚಿತರು. ಎದ್ದು ಹೋದರೆ ಮುಗಿಯಿತು. ನಿಮ್ಮಲ್ಲಿ ಠರಾವು ಮಂಡಿಸಿದವರು ನಾಳೆ ಟ್ರ್ಯಾಕ್ಟರ್ ಕೊಡಬೇಕಾದವರು. ಗೊಬ್ಬರ, ಎಣ್ಣೆ ಉದ್ರಿ ಕೊಟ್ಟ ಅಂಗಡಿಯವರು ಎದುರಿಗೇ ಕೂತಿರುತ್ತಾರೆ. ಸುಗ್ಗಿಗೆ ಮುಂಚೆ ಸಾಲ ಕೊಟ್ಟವರು ಇರುತ್ತಾರೆ. ಬೀಗರಿರುತ್ತಾರೆ. ಜಾತಿಯ ಹಿರಿಯರಿರುತ್ತಾರೆ. ಇಂಥವರ ಎದುರು "ಇದು ಆಗಲ್ಲರೀ" ಅನ್ನುವುದಕ್ಕೆ ಕಟ್ಟಬೇಕಾದ ಬೆಲೆ ನಿಜವಾದದ್ದು. ಸುಮ್ಮನಿದ್ದವರನ್ನು ಹೇಡಿಗಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ತಮ್ಮ ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಈ ಮೌನದಿಂದ ಸಂಘಕ್ಕೆ ಆದ ನಷ್ಟ ಏನು? ನಿಮ್ಮವರು ಸುಮ್ಮನೆ ನುಂಗಿಕೊಂಡ ಆಕ್ಷೇಪಗಳಲ್ಲಿ ಕೆಲಸಕ್ಕೆ ಬರುವ ವಿಷಯ ಇತ್ತು ಅಂತ ನನಗೆ ಅನ್ನಿಸುತ್ತದೆ. ಒಬ್ಬನ ಹೊಲದ ಮೇಲಿನ ಹೊಲದವನು ಭತ್ತ ನಾಟಿ ಮಾಡಿದರೆ ಬಸಿನೀರು ಕೆಳಗಿನವನ ಹೊಲಕ್ಕೆ ಇಳಿಯುತ್ತದೆ. ಅಲ್ಲಿ ಆಮೇಲೆ ಜೋಳ ಬೆಳೆಯಲಾಗುವುದಿಲ್ಲ, ಬೇರು ಕೊಳೆಯುತ್ತದೆ. ಅವನಿಗೆ ಭತ್ತ ಬಿಟ್ಟು ಬೇರೆ ದಾರಿ ಇಲ್ಲ. ಇನ್ನೊಬ್ಬನ ಹೊಲ ಲೀಜಿಗೆ ಹೋಗಿದೆ. ಎಕರೆಗೆ ಇಷ್ಟು ಚೀಲ ನೆಲ್ಲು ಅಂತ ಮಾತಾಗಿದೆ. ಸಭೆಯಲ್ಲಿ ಕೂತವನು ಹೊಲದ ಯಜಮಾನ, ಏನು ಹಾಕಬೇಕು ಅಂತ ತೀರ್ಮಾನ ಮಾಡುವವನು ಲೀಜುದಾರ. ಅವನನ್ನು ಸಭೆಗೆ ಕರೆದೇ ಇಲ್ಲ. ಇವೆರಡು ಮಾತು ಅಂದೇ ಹೊರಗೆ ಬಂದಿದ್ದರೆ ನಿಮ್ಮ ಠರಾವು "ಪ್ರತಿಯೊಬ್ಬರೂ ಅರ್ಧ ಹೊಲ" ಅಂತ ಇರುತ್ತಿರಲಿಲ್ಲ. "ಈ ತೂಬಿನ ಕೆಳಗೆ ಪೂರ್ತಿ ಭತ್ತ, ಆ ತೂಬಿನ ಕೆಳಗೆ ಪೂರ್ತಿ ಜೋಳ, ಮುಂದಿನ ವರ್ಷ ಅದಲು ಬದಲು" ಅಂತ ಆಗಬಹುದಿತ್ತು. ಅದು ನಡೆಯುವ ಠರಾವು.

ಗುಂಪುಗಳ ಇನ್ನೊಂದು ದೌರ್ಬಲ್ಯವನ್ನು 1985ರಲ್ಲಿ ಸ್ಟಾಸರ್ ಮತ್ತು ಟೈಟಸ್ ತೋರಿಸಿದರು. ಎಲ್ಲರಿಗೂ ಗೊತ್ತಿರುವ ವಿಷಯವನ್ನೇ ಗುಂಪು ಮತ್ತೆ ಮತ್ತೆ ಮಾತಾಡುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವ ವಿಷಯ ಮೂಲೆಯಲ್ಲೇ ಉಳಿಯುತ್ತದೆ. ನೀರು ಕಡಿಮೆ ಎಂಬುದು ಎಲ್ಲರಿಗೂ ಗೊತ್ತು, ಅದನ್ನೇ ತಾಸುಗಟ್ಟಲೆ ಮಾತಾಡಿರುತ್ತೀರಿ. ಬಸಿನೀರಿನ ಮಾತು ಗೊತ್ತಿದ್ದವನು ಹಿಂದಿನ ಸಾಲಿನಲ್ಲಿ ಕೂತಿದ್ದ.

ಹಾಗಾದರೆ ಏನು ಮಾಡಬೇಕು? ಎಲ್ಲರನ್ನೂ ಕೂರಿಸಿ ಠರಾವು ಓದುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಒಂದೊಂದು ತೂಬಿನ ಕೆಳಗಿನವರನ್ನು ಮಾತ್ರ ಸೇರಿಸಿ. ಹತ್ತು ಹದಿನೈದು ಮಂದಿ ಸಾಕು, ಹೊಲದಲ್ಲೇ ಆದರೆ ಇನ್ನೂ ಒಳ್ಳೆಯದು. ಲೀಜುದಾರರನ್ನೂ ಕರೆಯಿರಿ. ಕಳೆ ತೆಗೆಯುವ, ನಾಟಿ ಮಾಡುವ ಹೆಂಗಸರಿಗೆ ಯಾವ ಮಡಿಯಲ್ಲಿ ನೀರು ನಿಲ್ಲುತ್ತದೆ ಅಂತ ಗಂಡಸರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರೂ ಇರಲಿ. "ಒಪ್ಪಿಗೆನಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ನಮ್ಮ ಕಡೆ "ಆತು ಬಿಡ್ರಿ" ಎಂಬುದು ಒಂದೇ ಉತ್ತರ. "ಇದು ಎಲ್ಲಿ ಕೆಡುತ್ತದೆ ಹೇಳಿ" ಅಂತ ಕೇಳಿ. ಆಗ ಕೊರತೆ ಹೇಳುವುದೇ ಸಹಾಯ ಮಾಡಿದ ಹಾಗೆ ಆಗುತ್ತದೆ, ಎದುರು ಮಾತಾಡಿದ ಹಾಗೆ ಆಗುವುದಿಲ್ಲ.

ದೊಡ್ಡ ಸಭೆಯಲ್ಲಿ ಅಧ್ಯಕ್ಷರು ಕೊನೆಗೆ ಮಾತಾಡಲಿ. ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. 1961ರಲ್ಲಿ ಅಮೆರಿಕ ಕ್ಯೂಬಾದ ಪಿಗ್ಸ್ ಕೊಲ್ಲಿಯಲ್ಲಿ ದಾಳಿಗೆ ಕೈಹಾಕಿ ಸೋತಿತು. ಅಧ್ಯಕ್ಷ ಕೆನಡಿ ಸುತ್ತ ಇದ್ದವರೆಲ್ಲ ಬುದ್ಧಿವಂತರೇ. ಅನುಮಾನ ಇದ್ದವರೂ ಸಭೆಯಲ್ಲಿ ಬಾಯಿ ಕಟ್ಟಿಕೊಂಡಿದ್ದರು. ಅರ್ವಿಂಗ್ ಜಾನಿಸ್ 1972ರಲ್ಲಿ ಇದನ್ನೆಲ್ಲ ಬಿಡಿಸಿ ನೋಡಿ, ನಾಯಕ ತನ್ನ ಮನಸ್ಸನ್ನು ಮೊದಲೇ ಹೇಳಬಾರದು ಅಂತ ಸಲಹೆ ಕೊಟ್ಟರು. ಅದರ ಜೊತೆ ಚೀಟಿ ಪದ್ಧತಿ ಇಡಿ. ಓದು ಬರಹ ಇಲ್ಲದವರಿಗೆ ಒಂದು ಗಡಿಗೆ, ಎರಡು ಬಗೆ ಕಾಳು ಸಾಕು. ಜೋಳದ ಕಾಳು ಅಂದರೆ ನಡೆಯುತ್ತದೆ, ಕಡಲೆ ಕಾಳು ಅಂದರೆ ನಡೆಯುವುದಿಲ್ಲ. ಎಲ್ಲರೆದುರು ಎಣಿಸಿ. ನೂರರಲ್ಲಿ ಅರವತ್ತು ಕಡಲೆ ಬಿದ್ದರೆ, ನಾನೊಬ್ಬನೇ ಅಂದುಕೊಂಡವರಿಗೆಲ್ಲ ಆ ಕ್ಷಣದಲ್ಲೇ ಬಾಯಿ ಬರುತ್ತದೆ.

ಇನ್ನು ಹೂಳಿನ ಮಾತು. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರ್ ಇದ್ದರು. ಜನ ಸೇರಿ ಹಗ್ಗ ಎಳೆಯುವಾಗ ಒಬ್ಬೊಬ್ಬರ ಬಲ ಎಷ್ಟು ಬೀಳುತ್ತದೆ ಅಂತ ಅಳೆದರು. ಒಬ್ಬನೇ ಎಳೆಯುವಾಗಿನ ಬಲ 100 ಅಂದರೆ, ಎಂಟು ಜನ ಸೇರಿದಾಗ ತಲಾ 49ಕ್ಕೆ ಇಳಿಯಿತು. 1913ರಲ್ಲಿ ಅದನ್ನು ಪ್ರಕಟಿಸಿದರು. ಎಲ್ಲರೂ ಒಂದೇ ಸಲ ಎಳೆಯಲು ಆಗುವುದಿಲ್ಲ, ಅದರಿಂದ ಸ್ವಲ್ಪ ಬಲ ವ್ಯರ್ಥವಾಗುತ್ತದೆ, ನಿಜ. ಆದರೆ 1979ರಲ್ಲಿ ಲಾಟಾನೆ ಮತ್ತು ಜೊತೆಗಾರರು ಚಪ್ಪಾಳೆ, ಕೂಗಾಟದ ಮೇಲೆ ಪ್ರಯೋಗ ಮಾಡಿ, ಜನ ನಿಜವಾಗಿಯೂ ಕಡಿಮೆ ಹಾಕುತ್ತಾರೆ ಅಂತ ತೋರಿಸಿದರು. ಮುಂದೆ ಬಂದ ಪ್ರಯೋಗಗಳು ಇದಕ್ಕೆ ಮದ್ದನ್ನೂ ತೋರಿಸಿದವು. ತನ್ನ ಪಾಲು ಬೇರೆಯಾಗಿ ಕಾಣುತ್ತದೆ ಅಂತ ಗೊತ್ತಾದರೆ ಮನುಷ್ಯ ಪೂರ್ತಿ ಹಾಕುತ್ತಾನೆ.

ನಿಮ್ಮ ಕರೆ ಹೇಗಿತ್ತು ನೋಡಿ. ಮನೆಗೊಬ್ಬರು ಬನ್ನಿ. ಯಾವ ಮನೆ, ಕಾಲುವೆಯ ಯಾವ ತುಂಡು, ಎಷ್ಟು ಮಾರು? ಏನೂ ಇಲ್ಲ. ಬಂದರೂ ಕಾಣುವುದಿಲ್ಲ, ಬರದಿದ್ದರೂ ಕಾಣುವುದಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ನೀವು ಹೋಗಿರಬಹುದು. ಆ ಮಹಾದಾಸೋಹಕ್ಕೆ ಜೋಳದ ರೊಟ್ಟಿ ಲಕ್ಷಗಟ್ಟಲೆ ಬರುತ್ತದೆ. ಯಾರೋ ಒಬ್ಬರು ಮಾಡಿಸುವುದಲ್ಲ. ಊರೂರಿನವರು ತಮ್ಮ ಊರಿನ ರೊಟ್ಟಿಯನ್ನು ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ. ಅದರಲ್ಲಿ ಭಕ್ತಿ ಇದೆ, ಅದನ್ನು ನಾನು ಪ್ರಯೋಗಶಾಲೆಯ ಮಾತಿಗೆ ಇಳಿಸುವುದಿಲ್ಲ. ಆದರೆ ಪ್ರತಿ ಊರಿನ ಪಾಲು ಎಲ್ಲರ ಕಣ್ಣಿಗೆ ಕಾಣುತ್ತದೆ ಎಂಬುದೂ ಅಷ್ಟೇ ನಿಜ. ಅದೇ ಮಠದ ಸ್ವಾಮೀಜಿ 2019ರಲ್ಲಿ ಹಿರೇಹಳ್ಳದ ಹೂಳು, ಕಸ ತೆಗೆಸಲು ಮುಂದೆ ನಿಂತರು. 20 ಕಿ.ಮೀ.ಗೂ ಹೆಚ್ಚು ಉದ್ದದ ಹಳ್ಳ ಅದು. ಜನ ಸೇರಿ ಹಸನು ಮಾಡಿದರು. ಸ್ವಾಮೀಜಿ ಮಠದಲ್ಲಿ ಕೂತು ಹೇಳಲಿಲ್ಲ, ಹಳ್ಳಕ್ಕೆ ತಾವೇ ಇಳಿದರು. ಹೂಳು ತೆಗೆಯಲು ನಮ್ಮ ಭಾಗದ ಜನ ಬರುವುದಿಲ್ಲ ಅಂತ ಇನ್ನು ಹೇಳಲು ಬರುವುದಿಲ್ಲ, ಅಲ್ವಾ?

ಹಾಗಾಗಿ ಉಪಕಾಲುವೆಯನ್ನು ತೂಬಿಗೊಂದು ತುಂಡಾಗಿ ಹಂಚಿ. ಗಡಿಗೆ ಸುಣ್ಣದ ಗೆರೆ ಹಾಕಿ, ತೂಬಿನ ನಂಬರ್ ಬರೆಸಿ. ಒಂದೇ ದಿನ ಎಲ್ಲ ತುಂಡುಗಳ ಕೆಲಸ ನಡೆಯಲಿ. ಮೊದಲು ಇಳಿಯುವವರು ನೀವು ಮತ್ತು ಅಧ್ಯಕ್ಷರು ಆಗಿರಲಿ.

ಬೋಂಗಾದ ಸಂಗತಿಯೂ ಇದೇ ಜಾತಿಯದು. 1968ರಲ್ಲಿ ಲಾಟಾನೆ ಮತ್ತು ಡಾರ್ಲಿ ಒಂದು ಕೋಣೆಗೆ ನಿಧಾನವಾಗಿ ಹೊಗೆ ಬಿಟ್ಟರು. ಒಬ್ಬನೇ ಕೂತಿದ್ದಾಗ 75% ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲ ಎಂಬಂತೆ ಕೂತ ಇಬ್ಬರು ಜೊತೆಗಿದ್ದಾಗ ತಿಳಿಸಿದವರು 10% ಮಾತ್ರ. ಯಾರೋ ಹೇಳಿರುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಳಿದವರು ಸುಮ್ಮನಿರುವುದು ನೋಡಿ ಅಂಥದ್ದೇನಿಲ್ಲ ಅಂತಲೂ ಅನ್ನಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ನೋಡಿದವರ ನೀಲಿ ಗೆರೆ ಜಾಸ್ತಿ ಆದಷ್ಟೂ ಫೋನ್ ಮಾಡುವ ಕೈ ಕಡಿಮೆ. ಇದಕ್ಕೆ ಉಪದೇಶ ಬೇಡ, ವಾರದ ಪಾಳಿ ಬೇಕು. ಈ ವಾರ ಬೋಂಗಾ ಕಂಡರೆ ಗ್ಯಾಂಗ್‌ಮನ್‌ಗೆ ಫೋನ್ ಮಾಡುವವರು ಇವರು ಅಂತ ಗುಂಪಿನ ಮೇಲೆಯೇ ಹೆಸರು ಹಾಕಿ.

ದಂಡದ ವಿಷಯದಲ್ಲಿ ಸ್ವಲ್ಪ ತಡೆಯಿರಿ. ಮೊದಲು ಜನ ಮಾತು ಯಾಕೆ ಮುರಿದರು ನೋಡಬೇಕು. 2001ರಲ್ಲಿ ಫಿಶ್‌ಬಾಕರ್, ಗೆಕ್ಟರ್, ಫೆರ್ ಎಂಬ ಮೂವರು ಸ್ವಿಟ್ಜರ್ಲೆಂಡಿನಲ್ಲಿ ಒಂದು ಹಣದ ಆಟ ಆಡಿಸಿದರು. ಎಲ್ಲರೂ ಒಂದು ಹುಂಡಿಗೆ ಹಾಕಿದರೆ ಎಲ್ಲರಿಗೂ ಲಾಭ, ತಾನೊಬ್ಬ ಹಾಕದಿದ್ದರೆ ತನಗೆ ಇನ್ನೂ ಲಾಭ. ಏನೇ ಆದರೂ ಹಾಕುವುದಿಲ್ಲ ಅಂದವರು ಸುಮಾರು ಮೂರನೇ ಒಂದು ಪಾಲು. ಸುಮಾರು ಅರ್ಧದಷ್ಟು ಮಂದಿ "ಉಳಿದವರು ಹಾಕಿದರೆ ನಾನೂ ಹಾಕುತ್ತೇನೆ" ಎಂಬ ಬಗೆಯವರು. ಇಂಥ ಆಟ ಮತ್ತೆ ಮತ್ತೆ ಆಡಿದರೆ ಹುಂಡಿ ಬರಬರುತ್ತಾ ಬರಿದಾಗುತ್ತದೆ. ಕೆಟ್ಟವರು ಜಾಸ್ತಿ ಇದ್ದಾರೆ ಅಂತಲ್ಲ. ಮೊದಲು ಹಾಕದವರನ್ನು ನೋಡಿ ಅರ್ಧದಷ್ಟು ಒಳ್ಳೆಯವರು ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ನಿಮ್ಮಲ್ಲೂ ಮೊದಲ ವಾರ ಮೇಲಿನ ನಾಲ್ಕೈದು ಹೊಲದಲ್ಲಿ ಪೂರ್ತಿ ನಾಟಿ ಕಂಡಿರುತ್ತದೆ. "ಅವ್ರು ಹಚ್ಯಾರ, ನಾವ್ಯಾಕ ಬಿಡಬೇಕು" ಅಂತ ಉಳಿದವರು ಹೊರಟಿರುತ್ತಾರೆ.

ಅದಕ್ಕೆ ಮೊದಲ ವಾರ ಬಹಳ ಮುಖ್ಯ. ಯಾರು ಎಷ್ಟು ನಾಟಿ ಮಾಡಿದರು ಎಂಬುದು ಗುಡಿ ಗೋಡೆಯ ಮೇಲೆ ವಾರವಾರ ಬರಬೇಕು. ಮಾತು ಉಳಿಸಿಕೊಂಡವರ ಹೆಸರು ಮೊದಲು ಬರಬೇಕು. ತೂಬಿನ ಗೇಜ್, ಅಂದರೆ ನೀರಿನ ಮಟ್ಟ ಓದಿದ್ದೂ ಅಲ್ಲೇ ಬರಲಿ.

ದಂಡಕ್ಕೆ ಒಂದು ಅಪಾಯ ಇದೆ. ಇಸ್ರೇಲಿನ ಹೈಫಾ ನಗರದಲ್ಲಿ 10 ಶಿಶುವಿಹಾರಗಳಲ್ಲಿ ಒಂದು ಪ್ರಯೋಗ ನಡೆಯಿತು, 2000ದಲ್ಲಿ ಪ್ರಕಟವಾಯಿತು. ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬಂದವರಿಗೆ ಕೆಲವು ಕಡೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವುದು ಇನ್ನೂ ಹೆಚ್ಚಾಯಿತು. ಮೊದಲು ಟೀಚರ್ ಕಾಯುತ್ತಾರಲ್ಲ ಎಂಬ ಮುಜುಗರ ಇತ್ತು. ಈಗ ದುಡ್ಡು ಕೊಟ್ಟಿದ್ದೇವೆ ಅಂತಾಯಿತು. ದಂಡ ತೆಗೆದ ಮೇಲೂ ಹಳೆಯ ಮುಜುಗರ ವಾಪಸ್ ಬರಲಿಲ್ಲ. ನಿಮ್ಮ ಸಂಘ ಎಕರೆಗೆ ಒಂದಿಷ್ಟು ದಂಡ ಅಂತ ಇಟ್ಟರೆ, ಉಳ್ಳವರು ಅದನ್ನು ನೀರಿನ ಬೆಲೆ ಅಂದುಕೊಂಡು ಕಟ್ಟಿಬಿಡುತ್ತಾರೆ. ಆಮೇಲೆ ಅವರನ್ನು ಕೇಳಲು ನಿಮಗೆ ಬಾಯೂ ಇರುವುದಿಲ್ಲ. ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಹಲವು ದೇಶಗಳ ಕಾಲುವೆ, ಕಾಡು, ಮೀನುಗಾರಿಕೆ ಸಂಘಗಳನ್ನು ನೋಡಿದವರು. ಬಹುಕಾಲ ಬಾಳಿದ ಸಂಘಗಳಲ್ಲಿ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಇತ್ತು ಅಂತ ಅವರು ಗುರುತಿಸಿದರು. ಮೊದಲ ಸಲ ಮಾತು, ಎರಡನೇ ಸಲ ಸಣ್ಣದು, ಮತ್ತೆ ಮಾಡಿದರೆ ದೊಡ್ಡದು. ಕಾವಲು ಕಾಯುವವರು ಆ ರೈತರೇ, ಇಲ್ಲವೇ ರೈತರಿಗೆ ಲೆಕ್ಕ ಕೊಡಬೇಕಾದವರು. ನೀವೂ ಆ ದಾರಿ ಹಿಡಿಯಿರಿ. ಕೊನೆಯ ಮೆಟ್ಟಿಲು ದುಡ್ಡಾಗದೆ ಒಂದು ಸರದಿ ನೀರು ಬಿಟ್ಟುಕೊಡುವುದಾಗಿರಲಿ. ಸಿರಿವಂತನಿಗೂ ಬಡವನಿಗೂ ಆ ನೋವು ಒಂದೇ.

ಮೇಲ್ಭಾಗ, ಕೊನೆ ಭಾಗದ ಜಗಳಕ್ಕೆ ಬರುತ್ತೇನೆ. ಎರಡು ಗುಂಪು ಆಗಲು ದೊಡ್ಡ ಕಾರಣ ಏನೂ ಬೇಡ. 1971ರಲ್ಲಿ ಹೆನ್ರಿ ತಾಜ್‌ಫೆಲ್ ಮತ್ತು ಸಂಗಡಿಗರು ಇಂಗ್ಲೆಂಡಿನ ಹುಡುಗರನ್ನು, ನೀವು ಇಂಥ ಚಿತ್ರಕಾರನನ್ನು ಇಷ್ಟಪಡುವವರು, ನೀವು ಇನ್ನೊಬ್ಬನನ್ನು ಇಷ್ಟಪಡುವವರು ಅಂತ ಸುಮ್ನೆ ಎರಡು ಮಾಡಿದರು. ಅಷ್ಟಕ್ಕೇ ಅವರು ದುಡ್ಡು ಹಂಚುವಾಗ ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ಇನ್ನು ನಿಮ್ಮಲ್ಲಿ ನೀರು ಇದೆ, ಬೆಳೆ ಇದೆ, ಎಷ್ಟೋ ಕಡೆ ಊರಿನವರು, ಹೊರಗಿನಿಂದ ಬಂದು ನೆಲೆಸಿದ ಕ್ಯಾಂಪಿನವರು ಎಂಬ ಭೇದವೂ ಸೇರಿಕೊಂಡಿರುತ್ತದೆ.

ಇದಕ್ಕೆ ಮುಜಾಫರ್ ಶೆರಿಫ್ ಅವರ 1954ರ ಪ್ರಯೋಗ ದಾರಿ ತೋರಿಸುತ್ತದೆ. ಅಮೆರಿಕದ ಓಕ್ಲಹೋಮಾದಲ್ಲಿ 22 ಹುಡುಗರನ್ನು ಬೇಸಿಗೆ ಶಿಬಿರದಲ್ಲಿ ಎರಡು ತಂಡ ಮಾಡಿ ಪಂದ್ಯಕ್ಕೆ ಬಿಟ್ಟರು. ಬಾವುಟ ಸುಟ್ಟರು, ಹೊಡೆದಾಡಿದರು. ಆಮೇಲೆ ಒಟ್ಟಿಗೆ ಊಟ, ಒಟ್ಟಿಗೆ ಸಿನಿಮಾ ಏರ್ಪಡಿಸಿದರು. ಪ್ರಯೋಜನ ಆಗಲಿಲ್ಲ, ಊಟದಲ್ಲೂ ಜಗಳ ಆಡಿದರು. ಕಡೆಗೆ ಕೆಲಸ ಮಾಡಿದ್ದು ನೀರು. ಶಿಬಿರಕ್ಕೆ ಬರುವ ಕುಡಿಯುವ ನೀರು ನಿಲ್ಲುವಂತೆ ಮಾಡಿದರು. ಎರಡೂ ತಂಡ ಸೇರಿ ಟ್ಯಾಂಕಿನವರೆಗೂ ಹುಡುಕಿ ಸರಿಮಾಡಬೇಕಾಯಿತು. ಇಂಥ ಕೆಲವು ಕೆಲಸಗಳ ಮೇಲೆ ಹಗೆ ಇಳಿಯಿತು. ಇದು ಹುಡುಗರ ಶಿಬಿರ, ಸಂಶೋಧಕರೇ ಹೆಣೆದ ಸನ್ನಿವೇಶ. ಅಲ್ಲಿ ಬೆಸೆದದ್ದು ಇಲ್ಲೂ ಹಾಗೇ ಬೆಸೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಸೌಹಾರ್ದದ ಭಾಷಣ, ಒಟ್ಟಿಗೆ ಊಟ ಇಷ್ಟೇ ಸಾಲದು, ಒಬ್ಬರಿಂದಲೇ ಆಗದ ಕೆಲಸ ಬೇಕು ಎಂಬ ಮಾತು ಗಟ್ಟಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋಯಿತು. ತುಂಬಿದ್ದ ಡ್ಯಾಂ ಬರಿದಾಗುತ್ತದೆ ಎಂಬ ಭಯ ಮೇಲ್ಭಾಗದ ಗಂಗಾವತಿಯವರಿಗೂ ಇತ್ತು, ಕೊನೆ ಭಾಗದ ಮಾನ್ವಿಯವರಿಗೂ ಇತ್ತು. ಒಂದು ವಾರದಲ್ಲಿ ಆ ಜಾಗಕ್ಕೆ ನೀರು ತಡೆಯುವ ಸ್ಟಾಪ್‌ಲಾಗ್ ಕೂರಿಸಿದಾಗ ಎರಡೂ ಕಡೆ ಉಸಿರು ಬಂತು. ಆ ದಿನಗಳಲ್ಲಿ ಮೇಲು, ಕೆಳಗು ಎಂಬ ಮಾತಿಗೆ ಜಾಗ ಕಡಿಮೆ. ಆಪತ್ತು ಮುಗಿದ ಮೇಲೆ ಆ ಒಗ್ಗಟ್ಟು ಕರಗಿಹೋಗುತ್ತದೆ. ಆದ್ದರಿಂದ ನಿಮ್ಮ ಕಾಲುವೆಯಲ್ಲೇ ಪ್ರತಿ ಹಂಗಾಮಿಗೂ ಬೇಕಾಗುವ ಜಂಟಿ ಕೆಲಸ ಹುಡುಕಿ. ವಾರಬಂದಿ, ಅಂದರೆ ಸರದಿ ಮೇಲೆ ನೀರು ಬಿಡುವ ಸಮಯದಲ್ಲಿ ರಾತ್ರಿ ಕಾವಲಿಗೆ ಹೋಗುವ ಜೋಡಿಯಲ್ಲಿ ಮೇಲಿನವರೊಬ್ಬರು, ಕೊನೆ ಭಾಗದವರೊಬ್ಬರು ಇರಲಿ. ಕೊನೆಯ ತೂಬಿನಲ್ಲಿ ಗೇಜ್ ಎಷ್ಟಿದೆ ಅಂತ ಮೇಲಿನ ರೈತ ತನ್ನ ಕಣ್ಣಾರೆ ನೋಡಬೇಕು. ಮೇಲಿನ ಹೊಲದಲ್ಲಿ ಕಾಲುವೆ ಒಡೆದರೆ ಮೊದಲು ಮುಳುಗುವವನು ಯಾರು ಅಂತ ಕೊನೆಯವನೂ ನೋಡಬೇಕು.

ಕೊನೆಗೆ, ಕೆಲಸ ಬಿಡಲೇ ಅಂದಿರಲ್ಲ. ಸರ್ಜ್ ಮಾಸ್ಕೊವಿಸಿ 1969ರಲ್ಲಿ ಆಶ್ ಪ್ರಯೋಗವನ್ನು ತಿರುಗಿಸಿದರು. ಆರು ಜನರ ಗುಂಪಿನಲ್ಲಿ ಇಬ್ಬರು ಮಾತ್ರ ಅವರ ಕಡೆಯವರು. ನೀಲಿ ಬಣ್ಣ ತೋರಿಸಿದರೆ ಆ ಇಬ್ಬರು ಹಸಿರು ಅನ್ನುತ್ತಿದ್ದರು. ಇಬ್ಬರೂ ಪ್ರತಿ ಸಲ ಒಂದೇ ಮಾತು ಹೇಳಿದಾಗ ಉಳಿದವರ ಉತ್ತರಗಳಲ್ಲಿ ಸುಮಾರು 8% ಹಸಿರಾಯಿತು. ಒಮ್ಮೆ ಹಸಿರು, ಒಮ್ಮೆ ನೀಲಿ ಅಂತ ಹೊಯ್ದಾಡಿದಾಗ ಅದು ಸುಮಾರು 1%. ಸಣ್ಣ ಅಂಕಿ ಅನ್ನಿಸಬಹುದು. ಆದರೆ ಕಣ್ಣೆದುರಿನ ಬಣ್ಣವನ್ನೇ ತಪ್ಪು ಹೇಳಿಸಿದ ಅಂಕಿ ಅದು. ನಿಮ್ಮ ಕೈಯಲ್ಲಿ ಇರುವುದು ನಿಜವಾದ ಮಾತು. ನಿಮಗೆ ಬೇಕಾದದ್ದು ಇನ್ನೊಬ್ಬ ಮನುಷ್ಯ, ಮತ್ತು ಇಬ್ಬರೂ ಮಾತು ಬದಲಿಸದೆ ಒಂದೆರಡು ಹಂಗಾಮು ನಿಲ್ಲುವುದು. ಆ ಇನ್ನೊಬ್ಬರು ಮೇಲ್ಭಾಗದವರಾದರೆ ಬಹಳ ಒಳ್ಳೆಯದು. ತನ್ನ ಲಾಭದ ವಿರುದ್ಧ ಮಾತಾಡುವವನನ್ನು ಜನ ನಂಬುತ್ತಾರೆ. ಅಂಥವರು ನಿಮ್ಮ ಪಟ್ಟಿಯಲ್ಲಿ ಒಬ್ಬರಾದರೂ ಇದ್ದಾರೆ, ಅವರ ಮನೆಗೆ ಹೋಗಿ ಕೂತು ಮಾತಾಡಿ.

ಮತ್ತೆ, ಸಮಯ ನೋಡಿಕೊಳ್ಳಿ. ತೂಬಿನ ಸಣ್ಣ ಸಭೆಗಳನ್ನು ನೀರು ಬಿಡುವುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಗೆ ಮೊದಲೇ ಮುಗಿಸಿ. ನೀರು ಬಿಡುವ ತಾರೀಖು ಪೇಪರಿನಲ್ಲಿ ಬಂದ ಮೇಲೆ ಸಸಿಮಡಿ ಬೀಳುತ್ತವೆ. ಬೀಜ ತಂದು ಮಡಿ ಹಾಕಿದವನನ್ನು ಅರ್ಧ ಹೊಲ ಬಿಡು ಅಂತ ಒಪ್ಪಿಸುವುದು ಆಮೇಲೆ ಬಹಳ ಕಷ್ಟ.